ನಾನೇ ತುಂಬಿಸಿದ ಹತ್ತು ನಿಮಿಷ

"ನಿಶಾಂತ್ ನಿನ್ನನ್ನು ಕೇಳಿದನಾ ಮಗಾ? ಇವತ್ತು ಚಾ ಹೊತ್ತಿಗೆ ಕೇಳಿಯೇ ಕೇಳ್ತೇನೆ ಅಂದಿದ್ದ."

ಕ್ಲಿನಿಕ್ಕಿನ ಫೋನಿನಲ್ಲಿ ಗುರುತಿಲ್ಲದ ಹೆಂಗಸಿನ ದನಿ.

"ಎಂತ ಕೇಳುದು? ನೀವು ಯಾರು?"

"ನಾನು ಅವನ ಅಮ್ಮ ವಸಂತಿ, ಕಾಪುವಿನಿಂದ. ಮದುವೆ ಆಗ್ತೀಯಾ ಅಂತ ಕೇಳುದು ಮಾರಾಯ್ತಿ! ಅಯ್ಯೋ, ಇನ್ನೂ ಕೇಳಲಿಲ್ಲವಾ? ಬಾಯಿ ತಪ್ಪಿ ಹೇಳಿಬಿಟ್ಟೆನಲ್ಲ ದೇವರೇ! ಅವನು ಮೊಬೈಲ್ ಎತ್ತುದಿಲ್ಲ, ಅದಕ್ಕೆ ಇಲ್ಲಿಗೆ ಮಾಡಿದ್ದು. ದಿನಾ ಮೆಟ್ಟಿಲಲ್ಲಿ ನಿಂತು ನಿನ್ನದೇ ಸುದ್ದಿ ಹೇಳ್ತಾನೆ."

ಆ ಮೆಟ್ಟಿಲಿನ ಫೋನು ಅಮ್ಮನಿಗಾ?

ದುಬೈಯ ಅಲ್ ಕುಸೈಸ್‌ನ ಈ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಅಪಾಯಿಂಟ್‌ಮೆಂಟ್ ಹಾಕುವವಳು ನಾನು, ಅಶ್ಮಿತಾ. ನಿಶಾಂತ್ ಡಾಕ್ಟರು ಒಬ್ಬರ ಬೆನ್ನು ಬಿಟ್ಟು ಇನ್ನೊಬ್ಬರ ಮೊಣಕಾಲು ಹಿಡಿಯುತ್ತಾ ಊಟವನ್ನೇ ಮರೆಯುವ ಮನುಷ್ಯ. ನೋಡಲಾರದೆ ನಾನೇ ಪೇಶೆಂಟುಗಳ ನಡುವೆ ಹತ್ತು ನಿಮಿಷ ಖಾಲಿ ಬಿಡತೊಡಗಿದೆ. ಮ್ಯಾನೇಜರ್ ಕೇಳಿದರೆ, ಮಷಿನ್ ತಣಿಯಬೇಕು ಸರ್ ಎನ್ನುತ್ತಿದ್ದೆ.

ಆ ಹತ್ತು ನಿಮಿಷಕ್ಕೆ ಅವರು ಕೌಂಟರಿಗೆ ಮೊಣಕೈ ಊರಿ, ನನ್ನ ಸುಲೈಮಾನಿ ಚಾದಲ್ಲಿ ಅರ್ಧ ಕುಡಿದು, ಕಪ್ಪಿನ ಮೇಲಿಂದ ನನ್ನನ್ನೇ ನೋಡುತ್ತಿದ್ದರು. ನಾನು ಕೀಬೋರ್ಡ್ ಕುಟ್ಟುವ ನಾಟಕ ಮಾಡುತ್ತಿದ್ದೆ. ಒಳಗೊಳಗೇ ಕುಣಿದಾಡುವಷ್ಟು ಖುಷಿ!

ಆಮೇಲೆ ಅವರು ಕಪ್ ಹಿಡಿದು ಮೆಟ್ಟಿಲಿನ ಕಡೆ ಹೋಗುವುದು ಶುರುವಾಯಿತು. ನಿನ್ನೆ ಬಾಗಿಲ ಸಂದಿಯಿಂದ ನೋಡಿದರೆ, ಫೋನಿನಲ್ಲಿ ನಾಚಿಕೊಂಡು ನಗುತ್ತಿದ್ದಾರೆ. ಮೈಯೆಲ್ಲ ಉರಿಯಿತು. ನಾನು ಬಿಡಿಸಿಕೊಟ್ಟ ಹೊತ್ತಿನಲ್ಲಿ ಇನ್ಯಾವಳ ಜೊತೆಗೋ ಸರಸವಾ? ಇವತ್ತು ಬೆಳಿಗ್ಗೆ ಬಂದವಳೇ ಒಂದೂ ಬಿಡದೆ ಎಲ್ಲ ಖಾಲಿ ಜಾಗಕ್ಕೂ ಪೇಶೆಂಟುಗಳನ್ನು ತುಂಬಿಸಿದೆ.

"ಚಾ ಕುಡಿಲಿಕ್ಕೂ ಪುರ್ಸೊತ್ತಿಲ್ವಾ?" ಸ್ಕ್ರೀನ್ ನೋಡಿ ಕೇಳಿದ್ದರು.

"ಇಲ್ಲ." ನಾನು ತಲೆ ಎತ್ತಲಿಲ್ಲ.

ಈಗ ಫೋನಿನಲ್ಲಿ ವಸಂತಿ ಅಮ್ಮ ಅವಸರ ಮಾಡುತ್ತಿದ್ದರು. "ಕೆಲಸಕ್ಕೆ ಕರೆದ ಅಬುಧಾಬಿಯ ಆಸ್ಪತ್ರೆಯವರಿಗೆ ಸಂಜೆಯೊಳಗೆ ಉತ್ತರ ಕೊಡ್ಬೇಕಂತೆ. ನೀನು ಹ್ಞೂಂ ಅಂದ್ರೆ ದುಬೈಯಲ್ಲೇ ಇರ್ತೇನೆ ಅಂದಿದ್ದ ಮಗಾ!"

ಫೋನ್ ಇಟ್ಟೆ. ಮುಂದಿನ ಸರದಿ ಪಕ್ಕದ ಅಂಗಡಿಯ ಅಲಿಕುಂಞಿ ಹಾಜಿಯವರದು. ಎದುರಿನ ಕುರ್ಚಿಯಲ್ಲಿ ಕೂತು ಫೋನಿನ ದೊಡ್ಡ ದನಿಯನ್ನೆಲ್ಲ ಕೇಳಿಸಿಕೊಂಡಿದ್ದರು.

"ಹಾಜಿಯವರೇ, ನಿಮ್ಮ ಟೈಮ್ ಸ್ವಲ್ಪ ನನಗೆ ಕೊಡ್ತೀರಾ?"

"ನನ್ನ ಭುಜ ಎಲ್ಲಿಗೂ ಓಡಿಹೋಗುದಿಲ್ಲ. ಯಲ್ಲಾ, ನೀನು ಹೋಗು!"

ಒಳಗೆ ನಿಶಾಂತ್ ಬೆನ್ನು ಹಾಕಿ ಕೈ ತೊಳೆಯುತ್ತಿದ್ದರು. "ಕೂತ್ಕೊಳ್ಳಿ ಹಾಜಿಯವರೇ."

"ಹಾಜಿಯವರಲ್ಲ, ನಾನು. ಚಾ ಹೊತ್ತಿಗೆ ಕೇಳ್ಬೇಕು ಅಂತ ಇದ್ದದ್ದನ್ನು ಈಗ ಕೇಳಿ. ನಿಮ್ಮ ಅಮ್ಮ ಫೋನ್ ಮಾಡಿದ್ರು."

ಅವರ ಕೈಯಿಂದ ಟವೆಲ್ ಬಿತ್ತು. ಕಿವಿ ಕೆಂಪಾಯಿತು. ಮರುಕ್ಷಣವೇ ಮುಖ ಬಿಳಿಚಿಕೊಂಡಿತು.

"ಅಶ್ಮಿತಾ, ನಾನು ಅಬುಧಾಬಿಗೆ ಹ್ಞೂಂ ಅಂದುಬಿಟ್ಟೆ. ಬೆಳಿಗ್ಗೆಯೇ."

"ನನ್ನನ್ನು ಒಂದು ಮಾತು ಕೇಳದೆ?"

"ಕೇಳ್ಲಿಕ್ಕೆ ಹೊತ್ತೆಲ್ಲಿತ್ತು? ನೀನೇ ತುಂಬಿಸಿದ್ದಲ್ಲವಾ? ನನ್ನ ಮನಸ್ಸು ನಿನಗೆ ಗೊತ್ತಾಗಿದೆ, ಬೇಡ ಅಂತಲೇ ಹೀಗೆ ಮಾಡಿದ್ದು ಅಂತ ತಿಳ್ಕೊಂಡೆ."

ನನ್ನ ಕೈಯಾರೆ ಅವರನ್ನು ಕಳಿಸಿಬಿಟ್ಟಿದ್ದೆ! ಅಲ್ಲೇ ಸ್ಟೂಲಿನ ಮೇಲೆ ಕುಸಿದೆ. ಅಳು ಉಕ್ಕಿ ಬಂತು.

"ನೀವು ಯಾವಳ ಜೊತೆಗೋ ನಗಾಡ್ತಿದ್ದೀರಿ ಅಂತ..."

"ಅಮ್ಮನ ಜೊತೆ!"

"ಈಗ ಗೊತ್ತಾಯ್ತು ಮಾರಾಯ್ರೇ!" ಅಳುತ್ತಲೇ ರೇಗಿದೆ. "ಹಾಗಾದ್ರೆ ಎಲ್ಲ ಖಲಾಸಾ?"

"ಇಲ್ಲಿನ ಕೆಲಸ ಖಲಾಸ್. ನಾನು ಕೇಳ್ಬೇಕಾದ್ದು ಹಾಗೇ ಉಂಟು." ಎದುರಿಗೆ ಮಂಡಿಯೂರಿ ಕೂತರು. ಒದ್ದೆ ಕೈಯಲ್ಲೇ ನನ್ನ ಕೈ ಹಿಡಿದರು. "ಮದುವೆ ಆಗ್ತೀಯಾ?"

ಅಷ್ಟು ಹತ್ತಿರದಿಂದ ಆ ಕಣ್ಣುಗಳನ್ನು ಎಂದೂ ನೋಡಿರಲಿಲ್ಲ. ಕುಟ್ಟುವ ನಾಟಕ ಮಾಡಲು ಕೀಬೋರ್ಡೂ ಇರಲಿಲ್ಲ.

"ಹ್ಞೂಂ," ಎಂದೆ.

ಬಾಗಿಲು ತಟ್ಟಿದ ಸದ್ದಾಯಿತು. "ಮಕ್ಕಳೇ, ಆಯ್ತಾ? ಈಗ ಭುಜ ನಿಜವಾಗಿ ನೋಯ್ತಾ ಉಂಟು!"

ಕಣ್ಣೊರೆಸಿಕೊಂಡು ಎದ್ದೆ.

"ಅಬುಧಾಬಿಗೆ ಪ್ರತಿ ಶನಿವಾರ ಬಸ್ಸು ಹತ್ತಿ ಬರ್ತೇನೆ. ಆ ದಿನ ಪೇಶೆಂಟುಗಳ ನಡುವೆ ಸ್ವಲ್ಪ ಖಾಲಿ ಬಿಡ್ಲಿಕ್ಕೆ ಈಗಲೇ ಹೇಳಿಡಿ. ಅಲ್ಲಿ ಅಪಾಯಿಂಟ್‌ಮೆಂಟ್ ಹಾಕುವವಳು ನಾನಲ್ಲವಲ್ಲ."