ಪಿಟೀಲಿಲ್ಲದ ಮೂರು ನಿಮಿಷ

ಟಿ.ವಿ.ಯಲ್ಲಿ ತನ್ನನ್ನು ನೋಡಿ ಕೆಮಿಸ್ಟ್ರಿ ಮೇಡಂಗೆ ತನ್ನ ಮೇಲೇ ಕನಿಕರ ಬಂದುಬಿಟ್ಟಿತು. ಅವಳ ಗಾಲಿಕುರ್ಚಿ ಶಾಲೆಯ ಕಾರಿಡಾರಿನಲ್ಲಿ ಆಮೆಯ ಹಾಗೆ ಸಾಗುತ್ತಿದೆ. ಹಿಂದೆ ಪಿಟೀಲು ಬಿಕ್ಕುತ್ತಿದೆ. ಆಮೇಲೆ ಅವಳು ಕಿಟಕಿಯಾಚೆ ನೋಡುತ್ತಾಳೆ, ಕಣ್ಣಲ್ಲಿ ಏನೋ ಹಂಬಲ. ಅಸಲಿಗೆ ಆ ಹೊತ್ತಿನಲ್ಲಿ ಅವಳು ಹುಡುಕುತ್ತಿದ್ದದ್ದು ಗಾಲಿಕುರ್ಚಿ ಹತ್ತಿಸುವ ಇಳಿಜಾರಿಗೆ ಅಡ್ಡಲಾಗಿ ಸ್ಕೂಟರ್ ನಿಲ್ಲಿಸಿ ಹೋದ ಪುಣ್ಯಾತ್ಮನನ್ನು.

ಕ್ಯಾಮೆರಾದವರು ದಿನವಿಡೀ ಶಾಲೆಯಲ್ಲಿದ್ದರು. ಅವಳು ಲ್ಯಾಬಿನಲ್ಲಿ ನೀಲಿ ದ್ರಾವಣವನ್ನು ಕ್ಷಣಾರ್ಧದಲ್ಲಿ ಕೆಂಪು ಮಾಡಿ ಮಕ್ಕಳನ್ನು ಬೆರಗಾಗಿಸಿದ್ದಳು, ಮನಸಾರೆ ಬೈದಿದ್ದಳು, ತನ್ನ ಜೋಕಿಗೆ ತಾನೇ ಮೊದಲು ನಕ್ಕಿದ್ದಳು. ಅದೊಂದೂ ಬರಲಿಲ್ಲ. ಉಳಿದದ್ದು ಗಾಲಿ, ಕಿಟಕಿ ಮತ್ತು ‘ವಿಧಿಯನ್ನೇ ಗೆದ್ದ ಛಲಗಾತಿ’ ಎಂಬ ದಪ್ಪ ಅಕ್ಷರ. ವಿಧಿಯ ಜೊತೆ ಅವಳಿಗೆ ಜಗಳವೇ ಇರಲಿಲ್ಲ. ಇದ್ದದ್ದೆಲ್ಲ ವಾರಕ್ಕೊಮ್ಮೆ ಕೆಟ್ಟು ನಿಲ್ಲುವ ಲಿಫ್ಟಿನ ಜೊತೆ.

ಅಮ್ಮ ಕಣ್ಣೊರೆಸಿಕೊಂಡಳು. ಪಕ್ಕದ ಮನೆಯವರು ಬಂದು ತಲೆ ಸವರಿ ಹೋದರು. ಹಾಳಾಗಲಿ ಎಂದು ಬಿಡಬಹುದಿತ್ತು, ಆದರೆ ಮರುದಿನ ಅವಳ ಕ್ಲಾಸೇ ಬದಲಾಗಿತ್ತು. ಬೆನ್ನ ಹಿಂದೆ ‘ಆಸಿಡ್ ಮಿಸ್’ ಎಂದು ಕರೆಯುತ್ತಿದ್ದ ಆ ಪಿಶಾಚಿಗಳೆಲ್ಲ ಕೈಕಟ್ಟಿ ಕೂತಿದ್ದವು. ತರಲೆ ಪ್ರಶ್ನೆಯಿಲ್ಲ, ಗುಸುಗುಸು ಇಲ್ಲ. ಬೈದರೆ ಬೈಸಿಕೊಂಡವರ ಮುಖದಲ್ಲೂ ‘ಪಾಪ ಮಿಸ್ಸು’ ಎಂಬ ಭಾವ. ನಗು ಸತ್ತ ಕ್ಲಾಸಿನಲ್ಲಿ ಅವಳಿಗೆ ಪಾಠ ಹೇಳಲು ಬಾರದು. ವಾರವಿಡೀ ಕಾದಳು. ಸರಿಹೋಗಲಿಲ್ಲ. ಆಟೋ ಹಿಡಿದು ನೇರ ಚಾನೆಲ್ಲಿಗೆ ಹೋದಳು.

ಕೋಣೆಯಿಂದ ಕೋಣೆಗೆ ಕಳಿಸಿ ಕೊನೆಗೆ ಅವಳನ್ನು ಮುಟ್ಟಿಸಿದ್ದು ಎಡಿಟಿಂಗ್ ರೂಮಿಗೆ. ಅಲ್ಲಿ ಕುತ್ತಿಗೆಗೆ ಹೆಡ್‌ಫೋನ್ ನೇತುಹಾಕಿಕೊಂಡ ಒಬ್ಬ ಬನ್ ತಿನ್ನುತ್ತಿದ್ದ. ಆಫೀಸಿಗೆಲ್ಲ ಅವನು ‘ಕತ್ತರಿ’. ಅವಳನ್ನು ಕಂಡದ್ದೇ ಬನ್ ಗಂಟಲಲ್ಲಿ ಸಿಕ್ಕಿಕೊಂಡಿತು.

ಬೈಗುಳವನ್ನು ದಾರಿಯುದ್ದಕ್ಕೂ ಸಾಣೆ ಹಿಡಿದುಕೊಂಡೇ ಬಂದಿದ್ದಳು. ಎಲ್ಲವನ್ನೂ ಸುರಿದಳು. ಅವನು ನೆಪ ಹೇಳಲಿಲ್ಲ.

“ನಾನೇ ಕತ್ತರಿಸಿದ್ದು ಮೇಡಂ. ಗಾಲಿಕುರ್ಚಿ ಕಂಡರೆ ಸಾಕು, ನಮ್ಮಲ್ಲಿ ಎಲ್ಲರ ಕೈಯೂ ಪಿಟೀಲಿಗೇ ಹೋಗುತ್ತೆ. ಹೇಗಿದ್ರೂ ಮೇಲೆ ಪಿಟೀಲು ಬರುತ್ತಲ್ಲ ಅಂತ ಸೌಂಡ್ ಆಫ್ ಮಾಡ್ಕೊಂಡೇ ಎಡಿಟ್ ಮಾಡಿದೆ. ನಿಮ್ಮ ದನಿ ನಾನು ಕೇಳ್ತಿರೋದು ಇವತ್ತೇ.”

ಇಷ್ಟು ನಾಚಿಕೆಗೆಟ್ಟ ಸತ್ಯವನ್ನು ಇಷ್ಟು ನಾಚಿಕೊಂಡು ಹೇಳುವವರನ್ನು ಅವಳು ನೋಡಿರಲಿಲ್ಲ. ಮತ್ತೆ ಮಂತ್ರಿಗಳ ಸುದ್ದಿಗೆ ಏನು ಬಾರಿಸುತ್ತೀರಿ ಎಂದು ಕೇಳಿದಳು. ಡೋಲು ಎಂದ. ಮದುವೆಗೆ? ಕೊಳಲು. ಕೋಪವನ್ನು ಹಿಡಿದಿಟ್ಟುಕೊಳ್ಳಲು ಅವಳು ತುಟಿ ಕಚ್ಚಿದಳು. ಆದರೂ ನಗು ಜಾರಿತು.

ಅವನು ಪೂರ್ತಿ ಶೂಟಿಂಗನ್ನು ಸೌಂಡ್ ಹಾಕಿ ತೋರಿಸಿದ. ಅವಳ ಜೋಕಿಗೆ ನಕ್ಕ, ಬೈಗುಳಕ್ಕೆ ಇನ್ನೂ ಜೋರಾಗಿ ನಕ್ಕ. ಸ್ಕೂಟರ್ ಪುಣ್ಯಾತ್ಮನಿಗೆ ಅವಳು ಕಿಟಕಿಯಿಂದ ಹಾಕಿದ ಶಾಪವನ್ನು ಕೇಳಿ ನಗು ನೆತ್ತಿಗೇರಿ, ನೀರು ಕುಡಿದು ಬಂದ. ಸ್ಕ್ರೀನಿನ ಬೆಳಕಲ್ಲಿ ಅವನ ಮುಖವನ್ನು ಅವಳು ಓರೆಗಣ್ಣಿನಿಂದ ನೋಡಿದಳು. ಅವನು ಸ್ಕ್ರೀನನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದ. ಇಬ್ಬರೂ ಒಟ್ಟಿಗೇ ಕಣ್ಣು ತಪ್ಪಿಸಿ ಗೋಡೆಯ ಗಡಿಯಾರ ನೋಡಿದರು. ಅದು ನಿಂತು ಎಷ್ಟು ಕಾಲವಾಗಿತ್ತೋ.

ಶಾಲೆ ಬಿಟ್ಟ ಮೇಲೆ ಅವಳು ದಿನಾ ಅಲ್ಲಿಗೆ ಹೋದಳು. ಪಿಟೀಲಿಲ್ಲದ ಮೂರು ನಿಮಿಷದ ಹೊಸ ತುಣುಕಿಗಾಗಿ ಇಬ್ಬರೂ ನಾಯಿ ಬೆಕ್ಕಿನ ಹಾಗೆ ಕಚ್ಚಾಡಿದರು. ತನ್ನ ಮೂಗು ದಪ್ಪ ಕಾಣುವ ದೃಶ್ಯ ತೆಗೆಯಿರಿ ಎಂದು ಅವಳು, ಅದೇ ನನಗಿಷ್ಟ ಎಂದು ಅವನು. ಹಾಗೆಂದದ್ದೇ ಕಿವಿಯವರೆಗೆ ಕೆಂಪಾಗಿ, ಇಲ್ಲದ ಧೂಳನ್ನು ಕೀಬೋರ್ಡಿನಿಂದ ಒರೆಸಿದ. ಚಾನೆಲ್ಲಿನ ಸಾಹೇಬರ ಹಿಂದೆ ಬಿದ್ದು ಗೋಗರೆದು, ಭಾನುವಾರ ಬೆಳಗ್ಗೆ ಯಾರೂ ಏಳದ ಹೊತ್ತಿಗೆ ಅದಕ್ಕೊಂದು ಜಾಗ ಗಿಟ್ಟಿಸಿದ.

ಪಿಶಾಚಿಗಳು ಎದ್ದಿದ್ದವು. ಸೋಮವಾರ ಕೊನೆಯ ಬೆಂಚಿನಿಂದ ಒಂದು ದನಿ, ಮಿಸ್ ನೀವು ನಕ್ಕರೆ ಟಿ.ವಿ.ಯಲ್ಲಿ ಪಕ್ಕದ ಚಾನೆಲ್ಲಿಗೂ ಕೇಳಿಸುತ್ತೆ ಎಂದಿತು. ಇಡೀ ಕ್ಲಾಸು ಗೊಳ್ಳೆಂದಿತು. ಶಿಕ್ಷೆಯಾಗಿ ಅಷ್ಟೂ ಟೆಸ್ಟ್‌ಟ್ಯೂಬ್ ತೊಳೆಸಿದಳು. ತೊಳೆಸುತ್ತಾ ಅವಳಿಗೆ ಕತ್ತರಿಯ ಬಗ್ಗೆ ಎಂಥ ಕೃತಜ್ಞತೆ ಉಕ್ಕಿತೆಂದರೆ, ಕಣ್ಣು ಮಂಜಾಗಿ ಅವಳ ಕೈಯಲ್ಲಿದ್ದ ಒಂದು ಟ್ಯೂಬು ಜಾರಿ ಒಡೆಯಿತು. ಅವನು ಅವಳ ಮಕ್ಕಳನ್ನು ಅವಳಿಗೆ ವಾಪಸ್ ಕೊಟ್ಟಿದ್ದ.

ಅಂದು ಸಂಜೆ ಚಹಾ ಅಂಗಡಿಯಲ್ಲಿ ಅವನು ಸುತ್ತಿ ಬಳಸಿ, ಎರಡು ಸಲ ಕೆಮ್ಮಿ, ಮದುವೆಯಾಗೋಣವಾ ಎಂದು ಕೇಳಿದ.

ಅವಳ ಎದೆ ಹೂಂ ಎಂದಿತು, ಬಾಯಿ ಯೋಚಿಸಿ ಹೇಳುತ್ತೇನೆ ಎಂದಿತು. ಮಾಡಿದ ತಪ್ಪಿಗೆ ಪರಿಹಾರವಾಗಿ ಕೇಳುತ್ತಿದ್ದರೆ? ಆ ಮೊದಲಿನ ತುಣುಕಿನ ಹೆಣ್ಣಿನ ಮೇಲಿನ ಮರುಕ ಇವನಲ್ಲೂ ಎಲ್ಲೋ ಮೂಲೆಯಲ್ಲಿ ಉಳಿದಿದ್ದರೆ? ಊರೆಲ್ಲ ಪಾಪ ಎಂದರೆ ತಡೆದುಕೊಂಡಾಳು. ಗಂಡನೇ ಪಾಪ ಎಂದರೆ ಬದುಕುವುದು ಹೇಗೆ? ಅವನು ಅವಸರ ಮಾಡಲಿಲ್ಲ. ಚಹಾ ಕುಡಿಸುವುದನ್ನೂ ನಿಲ್ಲಿಸಲಿಲ್ಲ.

ಒಂದು ಭಾನುವಾರ ಅವನನ್ನು ಮನೆಗೆ ಕರೆದಳು. ಅಮ್ಮನ ಕಣ್ಣಿಗೆ ಎಲ್ಲವೂ ಹೊಸ್ತಿಲಲ್ಲೇ ಕಂಡುಹೋಯಿತು. ಚಹಾ ಕುಡಿಸಿ, ಎದುರಿಗೇ ಕೂತು, ಕಣ್ಣು ತುಂಬಿಕೊಂಡು ಅವನ ಎರಡೂ ಕೈ ಹಿಡಿದುಕೊಂಡಳು.

“ನನ್ನ ಮಗಳನ್ನ ಒಪ್ಪಿದೆಯಲ್ಲಪ್ಪ, ದೊಡ್ಡ ಮನಸ್ಸು ನಿಂದು. ನಿನ್ನ ಋಣ ಹೇಗೆ ತೀರಿಸಲಿ?”

ಮೇಡಂ ನೆಲ ನೋಡಿದಳು. ಹೆತ್ತವಳ ಬಾಯಿಂದಲೇ ಆ ಮರುಕ ಬಂದಿತ್ತು. ಈಗ ಇವನು ವಿನಯದಿಂದ ‘ಅಯ್ಯೋ ಅಷ್ಟೇನಿಲ್ಲಮ್ಮ’ ಎಂದರೂ ಮುಗಿಯಿತು. ಅಷ್ಟೇನಿಲ್ಲ ಎಂದರೆ ಸ್ವಲ್ಪ ಇದೆ ಎಂದೇ ಅರ್ಥ.

ಅವನು ಕಕ್ಕಾಬಿಕ್ಕಿಯಾಗಿ ಅಮ್ಮನನ್ನು ನೋಡಿದ.

“ನಾನು ಒಪ್ಪೋದೇನು ಬಂತಮ್ಮ, ಇವರು ಒಪ್ಪಬೇಕಲ್ಲ. ಕೇಳಿ ತಿಂಗಳಾಗ್ತಾ ಬಂತು, ಯೋಚಿಸ್ತೀನಿ ಯೋಚಿಸ್ತೀನಿ ಅಂತಾನೇ ಇದ್ದಾರೆ. ನನಗೆ ನಿದ್ದೆ ಇಲ್ಲ, ಊಟ ಸೇರಲ್ಲ. ನೀವಾದ್ರೂ ಒಂದು ಮಾತು ಹೇಳಿ.”

ಅದು ನಾಟಕವಾಗಿರಲಿಲ್ಲ. ಮನುಷ್ಯ ನಿಜಕ್ಕೂ ಸೊರಗಿದ್ದ. ಅವಳು ಯೋಚಿಸುವ ಭರದಲ್ಲಿ ಅದನ್ನು ಗಮನಿಸಿಯೇ ಇರಲಿಲ್ಲ. ಇವನಿಗೆ ತನ್ನ ಮೇಲೆ ಮರುಕವೇ? ಮರುಕ ಪಡಬೇಕಾದರೆ ಇವನ ಮೇಲೇ ಪಡಬೇಕಿತ್ತು.

ಅಮ್ಮ ಅವನ ಕೈ ಬಿಟ್ಟು ಮಗಳ ಕಡೆ ತಿರುಗಿದಳು. ಕಣ್ಣೀರು ಎಲ್ಲಿ ಹೋಯಿತೋ, ಹುಬ್ಬು ಗಂಟಿಕ್ಕಿತ್ತು.

“ಏನೇ ಇದು? ಪಾಪ, ಹುಡುಗನ್ನ ಯಾಕೆ ಹೀಗೆ ಸತಾಯಿಸ್ತಿದ್ದೀಯ?”

ಆ ಮನೆಯಲ್ಲಿ ಮೊದಲ ಸಲ ಅವಳಲ್ಲದೆ ಬೇರೆ ಯಾರೋ ‘ಪಾಪ’ ಅನ್ನಿಸಿಕೊಂಡಿದ್ದರು. ಮೇಡಂ ಗಾಲಿ ತಿರುಗಿಸಿ ಅವನ ಪಕ್ಕಕ್ಕೆ ಬಂದು, ಅಮ್ಮನ ಎದುರಿಗೇ ಅವನ ಕೈ ಹಿಡಿದಳು.

“ಯೋಚಿಸಿ ಆಯ್ತಮ್ಮ,” ಎಂದಳು. “ಇವರಿಗೆ ಮೊದಲು ಊಟ ಬಡಿಸು.”