ಶಿವಗಂಗಾ ಕೊಟ್ಟ ರೌಟರ್

ಹಳೇ ವೈಫೈ ರೌಟರ್‌ಗಳನ್ನು ನಾನು ಶಾಲೆಯ ಲ್ಯಾಬಿಗೆ ಹೊಂದಿಸಿ ಕೊಡುತ್ತೇನೆ. ಹೋದ ಬೇಸಿಗೆಯಲ್ಲಿ ಬಮ್ಮಿಗಟ್ಟಿಯ ಶಿವಗಂಗಾ ತೀರಿಹೋದ ಗಂಡನ ರೌಟರ್ ತಂದುಕೊಟ್ಟಳು.

"ಮನ್ಯಾಗ ಫೋನ್ ಬರ್ತಿದ್ದದ್ದು ಇದರ ವೈಫೈ ಮ್ಯಾಲರೀ. ಇನ್ನ ನನಗ್ಯಾರು ಫೋನ್ ಮಾಡ್ತಾರ್ರಿ ಅಣ್ಣಾರ? ಆದ್ರ ವೈಫೈಗೆ ಅವರು ಇಟ್ಟ ಹೆಸರು ಅಳಸಬ್ಯಾಡ್ರಿ."

ಲ್ಯಾಬಿನಲ್ಲಿ ಎಲ್ಲಕ್ಕೂ ಒಂದೇ ಹೆಸರು ಬೇಕು. ಮಧ್ಯಾಹ್ನ ಒಬ್ಬನೇ ಕೂತು, ರಿಸೆಟ್ ತೂತಿಗೆ ಪಿನ್ನು ಒತ್ತಿ ಅಳಿಸಿದೆ. ವಾಯರ್ ಕಿತ್ತು, ಆಂಟೆನಾ ಬದಲಿಸಲು ಬಿಚ್ಚಿಟ್ಟೆ. ಬಹಳ ಹೊತ್ತಾದರೂ ಡಬ್ಬಿ ಅಂಗೈಯಷ್ಟು ಬೆಚ್ಚಗಿತ್ತು.

ಆಗ ಅವಳ ಫೋನ್ ಬಂತು. "ಅಳಿಸಿದ್ರೇನ್ರಿ?"

"ಇಲ್ಲ ಬಿಡ ತಂಗಿ, ಹಂಗ ಐತಿ," ಸುಳ್ಳು ಹೇಳಿದೆ.

"ಹೌದ್ರಿ. ಮನ್ಯಾಗ ಮಂಚದ ಮ್ಯಾಲೆ ಕುಂತೇನಿ, ಫೋನಿನಾಗ ಆ ಹೆಸರು ಕಾಣಾಕತ್ತೇತಿ."

ನನ್ನ ಮುಂದೆ ಬಿಚ್ಚಿಟ್ಟಿದ್ದ ರೌಟರ್ ಕಡೆ ನೋಡಿದೆ. ಅವಳ ಮನೆಯೊಳಗೆ ಮೊಬೈಲ್ ಸಿಗ್ನಲ್ ಬರುವುದೇ ಇಲ್ಲ. ಅಲ್ಲಿಂದ ಫೋನ್ ಮಾಡಬೇಕಾದರೆ ವೈಫೈ ಇರಲೇಬೇಕು.