ಬೀಸಣಿಗೆ ಹೊಡೆದ ಹೋಮ್ ರನ್

"ಅಯ್ಯೋ... ತಪ್ಪಿಸ್ಕೊಳ್ಳಿ!"

ಅವಳು ಕೂಗುವಷ್ಟರಲ್ಲಿ ಸಾಫ್ಟ್‌ಬಾಲ್ ಚೆಂಡು ಸ್ಕೋರರ್ ಮೇಜಿಗೆ ಬಡಿದಾಗಿತ್ತು. ಚಹಾ ಲೋಟ ಮಗುಚಿಕೊಂಡಿತು. ಅರ್ಧ ಚಹಾ ಸ್ಕೋರ್ ಪುಸ್ತಕದ ಮೇಲೆ, ಇನ್ನರ್ಧ ಅಲ್ಲಿ ಕೂತಿದ್ದ ಹುಡುಗನ ಬಿಳಿ ಶರ್ಟಿನ ಮೇಲೆ!

ಅವಳು ಬ್ಯಾಟು ಬಿಸಾಕಿ ಓಡಿ ಬಂದಳು. "ಸಾರಿ! ಪೆಟ್ಟಾಯ್ತಾ?"

ಅವನು ಒದ್ದೆ ಪುಟವನ್ನು ತೋಳಿನಿಂದ ಒರೆಸಿದ. ಕಿವಿಯ ಹಿಂದಿದ್ದ ಪೆನ್ಸಿಲ್ ತೆಗೆದು ಏನೋ ಗೀಚಿದ. ಆಮೇಲೆ ತಲೆ ಎತ್ತಿ ಹೇಳಿದ, "ಫೌಲ್."

"ಪ್ರಾಕ್ಟೀಸಲ್ಲೂ ಬರೀತೀರಾ?"

"ಎಲ್ಲಾನೂ ಬರೀತೀನಿ. ಹಳೇ ಪುಸ್ತಕಾನೂ ಓದಿದ್ದೀನಿ. ಮೂರು ವರ್ಷದಲ್ಲಿ ನೀವು ಹೊಡೆದ ಚೆಂಡು ಬೇಲಿ ಹತ್ರ ಹೋಗಿ ಕ್ಯಾಚ್ ಆಗಿದ್ದು ಹನ್ನೊಂದು ಸಲ. ಹೋಮ್ ರನ್ ಸೊನ್ನೆ."

ಅವಳ ಕಿವಿ ಕೆಂಪಾದವು. ಕೋಪ ಅವಳಿಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು. "ಸೊನ್ನೆ ಅಂತ ಹೇಳೋಕೆ ಪುಸ್ತಕ ಬೇಕಾ? ಇಡೀ ಕಾಲೇಜಿಗೇ ಗೊತ್ತು!"

"ಇವತ್ತು ನಲವತ್ತು ಚೆಂಡಲ್ಲಿ ಮೂವತ್ತೆರಡು ಸಲ, ಹೊಡೆಯೋಕೆ ಮುಂಚೆನೇ ತಲೆ ಎತ್ತಿ ಬೇಲಿ ನೋಡಿದ್ರಿ. ಬೇಲಿ ಎಲ್ಲಿಗೂ ಓಡಿಹೋಗಲ್ಲ. ಚೆಂಡು ನೋಡಿ."

'ಎಂಥಾ ಸೊಕ್ಕು ಇವನಿಗೆ!' ಎಂದುಕೊಂಡು ಅವಳು ತಿರುಗಿ ನಡೆದಳು. ಆದರೆ ಮುಂದಿನ ಚೆಂಡಿಗೆ ಅವಳ ತಲೆ ಮೇಲೇಳಲಿಲ್ಲ. ಹೊಡೆತ ನೆಟ್ಟಗೆ ಹೋಯಿತು. ಕಳ್ಳಗಣ್ಣಲ್ಲಿ ಮೇಜಿನ ಕಡೆ ನೋಡಿದರೆ, ಅವನು ಶರ್ಟಿನಿಂದ ಚಹಾ ಹಿಂಡುತ್ತಲೇ ಬರೆದುಕೊಳ್ಳುತ್ತಿದ್ದ.

ಹೋಮ್ ರನ್ ಎನ್ನುವುದು ಅಷ್ಟು ಸುಲಭದ್ದೇನಲ್ಲ, ಓದುಗರೇ. ಹದಿಮೂರು ಮೀಟರ್ ದೂರದಲ್ಲಿ ನಿಂತ ಪಿಚರ್ ತೋಳನ್ನು ಗಿರಗಿರನೆ ಸುತ್ತಿಸಿ ಕೆಳಗೈಯಲ್ಲಿ ಎಸೆದ ಚೆಂಡು, ನೀವು ರೆಪ್ಪೆ ಬಡಿಯುವಷ್ಟರಲ್ಲಿ ಮುಂದಿರುತ್ತದೆ. ಅದನ್ನು ಅರವತ್ತು ಮೀಟರ್ ಆಚೆಯ ಬೇಲಿ ದಾಟಿಸಿ, ಬೇಸ್ ಎಂಬ ನಾಲ್ಕು ನೆಲಗುರುತುಗಳನ್ನು ಸುತ್ತಿ ಓಡಿ ಬರಬೇಕು! ನಮ್ಮ ಹುಡುಗಿಗೆ ತೋಳಲ್ಲಿ ಬಲವಿತ್ತು, ತಾಳ್ಮೆ ಇರಲಿಲ್ಲ. ಬೀಸಿದ ಬ್ಯಾಟಿನಿಂದ ಬರೀ ಗಾಳಿ ಬರುತ್ತದೆಂದು ತಂಡದವರು ಅವಳಿಗೆ 'ಬೀಸಣಿಗೆ' ಎಂದೇ ಹೆಸರಿಟ್ಟಿದ್ದರು.

ಅವನೂ ಹೆಸರಿಲ್ಲದೆ ಉಳಿಯಲಿಲ್ಲ. ಗಣಿತದ ಎಂ.ಎಸ್ಸಿ. ಓದುತ್ತಿದ್ದ ಆ ತೆಳ್ಳನೆಯ ಹುಡುಗ ವಾರದೊಳಗೆ 'ಪೆನ್ಸಿಲ್' ಆಗಿಬಿಟ್ಟ.

ದಿನಾ ಸಂಜೆ ಪೆನ್ಸಿಲ್ ಚೆಂಡು ಎಸೆಯುತ್ತಿದ್ದ, ಬೀಸಣಿಗೆ ಹೊಡೆಯುತ್ತಿದ್ದಳು. ಅವನು ಯಾವತ್ತೂ ಮುಖಸ್ತುತಿ ಮಾಡಲಿಲ್ಲ. "ಇದು ಚೆನ್ನಾಗಿತ್ತು" ಎಂದರೆ ನಿಜಕ್ಕೂ ಚೆನ್ನಾಗಿತ್ತೆಂದೇ ಅರ್ಥ. ಆ ಒಂದು ಮಾತಿಗಾಗಿ ಅವಳು ನೂರು ಸಲ ಬ್ಯಾಟು ಬೀಸುತ್ತಿದ್ದಳು.

ಮನೆಯಲ್ಲೂ ಅದೇ ಗುಂಗು. ಮನೆ ಎಂದರೆ ಮುಂದಿನ ಕೋಣೆ ಅಪ್ಪನ ಕ್ಷೌರದಂಗಡಿ, ಹಿಂದಿನದು ಅಪ್ಪ ಮಗಳ ಸಂಸಾರ. ಗಿರಾಕಿ ಇಲ್ಲದಾಗ ಅವಳು ದೊಡ್ಡ ಕನ್ನಡಿಯ ಮುಂದೆ ಪೊರಕೆ ಹಿಡಿದು ನಿಲ್ಲುತ್ತಿದ್ದಳು.

"ಕೂದಲು ಗುಡಿಸು ಅಂದ್ರೆ ಗಾಳಿ ಗುಡಿಸ್ತಿದ್ದೀಯಲ್ಲ ಮಗಳೇ!" ಅಪ್ಪ ಕತ್ತರಿ ಒರೆಸುತ್ತಾ ನಗುತ್ತಿದ್ದರು. "ಆ ಪೆನ್ಸಿಲ್ ಹುಡುಗ ಏನಂದ ಇವತ್ತು?"

"ಅವನ ಸುದ್ದಿ ಯಾಕಪ್ಪಾ ನಿಂಗೆ?"

"ನಂಗೇನೂ ಇಲ್ಲಮ್ಮಾ. ದಿನಾ ಹೇಳ್ತಿದ್ದವಳು ನೀನು!"

ಅವಳು ಪೊರಕೆಯನ್ನೇ ಅಡ್ಡ ಹಿಡಿದು ಮುಖ ಮುಚ್ಚಿಕೊಂಡಳು.

ಪ್ಲೇಆಫ್ ಬಂತು. ಎದುರಾಳಿ ಪಕ್ಕದ ಕಾಲೇಜು. ಮೂರರಲ್ಲಿ ಎರಡು ಪಂದ್ಯ ಗೆದ್ದವರಿಗೆ ಕಪ್. ಅವರ ಪಿಚರ್ ಬೇರಾರೂ ಅಲ್ಲ, ಪೆನ್ಸಿಲ್‌ನ ಸ್ವಂತ ತಂಗಿ! "ಒಂದೇ ಮನೇಲಿ ಎರಡು ಪಾರ್ಟಿ" ಎಂದು ಎಲ್ಲರೂ ಅವನ ಕಾಲೆಳೆಯುತ್ತಿದ್ದರು. ಬೀಸಣಿಗೆಗೆ ಇದು ಕೊನೆಯ ವರ್ಷ. ಈ ಸಲ ಬಿಟ್ಟರೆ ಹೋಮ್ ರನ್ ಎನ್ನುವುದು ಜೀವಮಾನದಲ್ಲಿ ಕನಸೇ.

ಮೊದಲ ಪಂದ್ಯ ಗೆದ್ದರು. ಎರಡನೆಯದರಲ್ಲಿ ಕೊನೆಯ ಇನಿಂಗ್ಸ್. ಇಬ್ಬರು ಔಟಾಗಿದ್ದರು, ಮೂರನೆಯವಳೂ ಔಟಾದರೆ ಆಟ ಮುಗಿದಂತೆ; ಸೆಕೆಂಡ್ ಬೇಸಿನಲ್ಲಿ ಒಬ್ಬಳು ಕಾಯುತ್ತಿದ್ದಳು, ಒಂದು ರನ್ ಹಿಂದಿದ್ದರು. ಬೀಸಣಿಗೆ ಬ್ಯಾಟು ಹಿಡಿದು ನಿಂತಳು.

ಚೆಂಡು ಬಂತು. ತಲೆ ಎತ್ತಲಿಲ್ಲ. ಬೀಸಿದಳು.

ಠಣ್!

ಚೆಂಡು ಮೇಲಕ್ಕೆ, ಇನ್ನೂ ಮೇಲಕ್ಕೆ... ಬೇಲಿಯ ಆಚೆ!

ಮೈದಾನವೇ ಎದ್ದು ನಿಂತು ಕೂಗಿತು. ಓಡುತ್ತಿದ್ದ ಅವಳಿಗೆ ಆ ಕ್ಷಣ ನೋಡಬೇಕೆನ್ನಿಸಿದ್ದು ಒಂದೇ ಮುಖ. ಫಸ್ಟ್ ಬೇಸಿನ ಹತ್ತಿರ ಬರುತ್ತಿದ್ದಂತೆ ಕತ್ತು ತಿರುಗಿಸಿ ಸ್ಕೋರರ್ ಮೇಜಿನತ್ತ ನೋಡಿದಳು. ಪೆನ್ಸಿಲ್ ಎದ್ದು ನಿಂತಿದ್ದ. ಆದರೆ ನಗುತ್ತಿರಲಿಲ್ಲ!

'ಯಾಕೆ? ಇವನಿಗೆ ಸಂತೋಷವಾಗಲಿಲ್ಲವಾ?'

ಸುತ್ತು ಮುಗಿಸಿ ಬಂದವಳನ್ನು ಗೆಳತಿಯರು ಮುತ್ತಿಕೊಂಡರು. ಅವರ ಭುಜಗಳ ನಡುವಿನಿಂದ ಅವಳು ಕಂಡದ್ದು ಬೇರೆಯೇ. ಪಿಚರ್ ತಂಗಿ ಮೇಜಿನ ಬಳಿ ಓಡಿ ಹೋಗಿ ಅಣ್ಣನೊಂದಿಗೆ ಏನೋ ಗುಸುಗುಸು ಎನ್ನುತ್ತಿದ್ದಳು. ಮರುಗಳಿಗೆ ಅವರ ತಂಡ ಅಂಪೈರ್ ಬಳಿ ನಿಂತು ದೂರು ಕೊಟ್ಟಿತು: "ಅವಳು ಫಸ್ಟ್ ಬೇಸ್ ತುಳಿದೇ ಇಲ್ಲ!"

ಅಂಪೈರ್ ಕೈ ಎತ್ತಿದರು. ಔಟ್!

ಚೆಂಡು ಬೇಲಿ ದಾಟಿದರೂ ನಾಲ್ಕೂ ಬೇಸ್ ತುಳಿಯಲೇಬೇಕು. ಒಂದು ಬಿಟ್ಟರೆ, ಎದುರಿನವರು ಗಮನಿಸಿ ಕೇಳಿದರೆ, ಮುಗಿಯಿತು ಕಥೆ. ಹೋಮ್ ರನ್ ಹೋಯಿತು, ಪಂದ್ಯವೂ ಹೋಯಿತು. ಯಾರದೋ ಮುಖ ನೋಡುವ ಭರದಲ್ಲಿ ಅವಳ ಕಾಲು ಬೇಸಿನ ಪಕ್ಕದ ಮಣ್ಣಿಗೆ ಬಿದ್ದಿತ್ತು.

ಅವಳು ನೇರ ಮೇಜಿನ ಮುಂದೆ ಹೋಗಿ ನಿಂತಳು. ಕಣ್ಣಲ್ಲಿ ನೀರಿತ್ತು.

"ನೀವು ನೋಡಿದ್ರಿ ಅಲ್ವಾ?"

"...ನೋಡ್ದೆ."

"ತಂಗಿಗೆ ಹೇಳಿಬಿಟ್ರಿ!"

"ಇಲ್ಲ, ನಾನು..."

"ಸಾಕು! ರಕ್ತಸಂಬಂಧ ಅಲ್ವಾ, ಎಳೆದೇ ಎಳೆಯುತ್ತೆ. ಇನ್ಮೇಲೆ ನಂಗೆ ಚೆಂಡು ಎಸೆಯೋಕೆ ಬರಬೇಡಿ!"

ಮನೆಗೆ ಬಂದು ಗಿರಾಕಿಯ ಕುರ್ಚಿಯಲ್ಲೇ ಕುಸಿದು ಅತ್ತಳು. ಅಪ್ಪ ಹೆಗಲಿಗೆ ಟವೆಲ್ ಹೊದಿಸಿ ತಲೆ ನೇವರಿಸಿದರು.

"ನಂಗೂ ಆಗಿದೆ ಮಗಳೇ. ಮದುವೆಗೆ ಮುಂಚೆ ನಿಮ್ಮಮ್ಮ ಈ ಬೀದೀಲಿ ನಡ್ಕೊಂಡು ಹೋಗ್ತಿದ್ಲು. ನೋಡ್ತಾ ನೋಡ್ತಾ ಒಬ್ಬ ಹೆಡ್‌ಮಾಸ್ಟರ ಅರ್ಧ ಮೀಸೆ ತೆಗೆದುಬಿಟ್ಟೆ."

"ಅಪ್ಪಾ! ನಾನು ಯಾರನ್ನೂ ನೋಡ್ತಿರ್ಲಿಲ್ಲ!"

"ನಾನೂ ಹೆಡ್‌ಮಾಸ್ಟರಿಗೆ ಹಾಗೇ ಹೇಳ್ದೆ."

ಅಳುವಿನ ನಡುವೆಯೂ ಅವಳಿಗೆ ನಗು ಬಂದುಬಿಟ್ಟಿತು.

ಮರುದಿನ ಕೊನೆಯ ಪಂದ್ಯ. ಆಟಕ್ಕೆ ಮುಂಚೆ ಗ್ಯಾಲರಿಯ ಹಿಂದಿನ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದಾಗ ಪಕ್ಕದ ನಲ್ಲಿಗೆ ಬಂದವಳು ಪೆನ್ಸಿಲ್‌ನ ತಂಗಿ!

"ನಿಮ್ಮ ಸ್ಕೋರರ್‌ನ ನೀವೇ ಇಟ್ಕೊಳ್ಳಿ ಅಕ್ಕಾ," ಅವಳು ಸಿಡುಕಿದಳು. "ನಿನ್ನೆಯಿಂದ ನಾನು ಅವನ ಹತ್ರ ಮಾತು ಬಿಟ್ಟಿದ್ದೀನಿ."

"ಯಾಕೆ?"

"ನಮ್ಮ ಫಸ್ಟ್ ಬೇಸ್ ಹುಡುಗಿ, 'ಅವಳು ತುಳಿದಿಲ್ಲ ಕಣೇ' ಅಂದ್ಲು. ಗ್ಯಾರಂಟಿ ಮಾಡ್ಕೊಳ್ಳೋಣ ಅಂತ ಅಣ್ಣನ ಹತ್ರ ಓಡಿದೆ. 'ಅಣ್ಣಾ, ನಿಜ ಹೇಳೋ' ಅಂತ ಅಂಗಲಾಚಿದೆ. ಕಲ್ಲಿನ ಥರ ಕೂತಿದ್ದ! ಸ್ಕೋರರ್ ಆದವನು ಯಾವ ತಂಡಕ್ಕೂ ಸುಳಿವು ಕೊಡಬಾರ್ದಂತೆ. ಸ್ವಂತ ತಂಗಿಗೂ!"

ಬೀಸಣಿಗೆಯ ಕೈಯಲ್ಲಿದ್ದ ನೀರು ಬೆರಳ ಸಂದಿಯಿಂದ ಸೋರಿಹೋಯಿತು.

'ಅಯ್ಯೋ, ಏನೆಲ್ಲ ಅಂದುಬಿಟ್ಟೆ ನಾನು! ಆ ಕಡೆ ತಂಗಿ, ಈ ಕಡೆ ನಾನು. ಇಬ್ಬರೂ ಬೈದರೂ ಬಾಯಿ ಬಿಡಲಿಲ್ಲವಲ್ಲ ಪಾಪ...'

ಕ್ಷಮೆ ಕೇಳಬೇಕು. ಆದರೆ ಅಷ್ಟರಲ್ಲಿ ಕೋಚ್ ಮೇಡಂ ಸೀಟಿ ಊದಿದರು.

ಕೊನೆಯ ಇನಿಂಗ್ಸ್. ಎರಡೂ ಕಡೆ ಸಮ. ಮತ್ತೆ ಇಬ್ಬರು ಔಟ್, ಮತ್ತೆ ಬೀಸಣಿಗೆ! ಅಂಗಡಿಗೆ ಬೀಗ ಹಾಕಿ ಬಂದಿದ್ದ ಅಪ್ಪ ಗ್ಯಾಲರಿಯಲ್ಲಿ ಉಗುರು ಕಚ್ಚುತ್ತಿದ್ದರು.

ತಂಗಿ ತೋಳು ಸುತ್ತಿಸಿದಳು. ಠಣ್! ಚೆಂಡು ಹಾರಿತು. ಬೇಲಿಯ ನೆತ್ತಿಗೆ ಬಡಿದು... ಒಳಕ್ಕೇ ಬಿತ್ತು! ಗೇಣು ಮೇಲಿದ್ದರೆ ಸಾಕಿತ್ತು!

ಅವಳು ಫಸ್ಟ್ ಬೇಸನ್ನು ಸೇಡು ತೀರಿಸಿಕೊಳ್ಳುವಂತೆ ತುಳಿದಳು. ಸೆಕೆಂಡ್ ದಾಟಿ, ನೆಲದ ಮೇಲೆ ಜಾರಿಕೊಂಡೇ ಥರ್ಡ್ ಮುಟ್ಟಿದಳು. ಅಲ್ಲಿಗೆ ಬಂದ ಥ್ರೋ ಕಾಯುತ್ತಿದ್ದವಳ ಕೈಗೆಟುಕದೆ ಆಚೆ ಉರುಳಿತು.

"ಓಡು ಮಗಳೇ! ಓಡು!"

ಎದ್ದು, ಬ್ಯಾಟು ಬೀಸಿದ್ದ ಜಾಗಕ್ಕೇ ಮರಳಿ ಓಡಿದಳು. ಹೋಮ್!

ಗೆದ್ದರು! ಗೆಳತಿಯರು ಅವಳನ್ನು ಎತ್ತಿ ಕುಣಿದರು. "ಬೀಸಣಿಗೆ ಹೋಮ್ ರನ್ ಹೊಡೆದ್ಲು!" ಎಂಬ ಕೂಗು ಮುಗಿಲು ಮುಟ್ಟಿತು.

ಆದರೆ ಅದು ಹೋಮ್ ರನ್ ಹೌದೋ ಅಲ್ಲವೋ ಎಂದು ಬರೆಯಬೇಕಾದವನು ಒಬ್ಬನೇ. ಮೇಜಿನ ಸುತ್ತ ಜನ ನೆರೆದಿದ್ದರು. "ಹೋಮ್ ರನ್ ಅಂತ ಬರೆದುಬಿಡಪ್ಪಾ," ಕೋಚ್ ಮೇಡಂ ಬೇಡುತ್ತಿದ್ದರು. "ಕಪ್ ನಮ್ದೇ ಅಲ್ವಾ? ಯಾರ ಗಂಟೇನು ಹೋಗುತ್ತೆ?"

ಪೆನ್ಸಿಲ್ ಬೆವರುತ್ತಿದ್ದ. ಅವಳು ಬಂದು ಮುಂದೆ ನಿಂತಾಗ ಅವನ ಮುಖ ಇನ್ನಷ್ಟು ಬಾಡಿತು.

"ಏನು ಬರೆದ್ರಿ?"

"ಮೂರು ಬೇಸಿನ ಹೊಡೆತ... ಆಮೇಲೆ ಅವರ ಥ್ರೋ ತಪ್ಪಿದ್ದಕ್ಕೆ ಒಂದು ರನ್." ಅವನ ದನಿ ಉಡುಗಿಹೋಗಿತ್ತು. "ಹೋಮ್ ರನ್ ಅಲ್ಲ. ನಂಗೊತ್ತು, ನೀವು ಇನ್ಯಾವತ್ತೂ ನನ್ನ ಮುಖ ನೋಡಲ್ಲ."

ಮೂರು ವರ್ಷದ ಕನಸು ಅವನ ಪೆನ್ಸಿಲ್ ತುದಿಯಲ್ಲಿ ಮುರಿದುಬಿದ್ದಿತ್ತು. ಆದರೂ ಅವಳಿಗೆ ನಗು ಉಕ್ಕಿ ಬಂತು. ನಗುತ್ತಲೇ ಕಣ್ಣು ತುಂಬಿ ಬಂದವು.

"ಹೋಮ್ ರನ್ ಅಂತ ಬರೆದಿದ್ರೆ ಇವತ್ತು ಕುಣಿದಾಡ್ತಿದ್ದೆ. ನಾಳೆಯಿಂದ ನಿಮ್ಮ ಒಂದು ಮಾತನ್ನೂ ನಂಬ್ತಿರ್ಲಿಲ್ಲ. ನಿನ್ನೆ ತಪ್ಪು ತಿಳ್ಕೊಂಡೆ... ಕ್ಷಮಿಸಿ."

ಅವನು ಕಣ್ಣರಳಿಸಿದ. "ಹಾಗಾದ್ರೆ ಇವತ್ತು ನಾನು ಹೇಳೋದನ್ನ ನಂಬ್ತೀರಾ?"

"ಹೇಳಿ ನೋಡೋಣ."

"ನೀವಂದ್ರೆ ನಂಗೆ ತುಂಬಾ ಇಷ್ಟ. ಚಹಾ ಚೆಲ್ಲಿದ ದಿನದಿಂದ."

ಕೋಚ್ ಮೇಡಂ ಕೆಮ್ಮಿ, ಎಲ್ಲರನ್ನೂ ಕಪ್ಪಿನ ಕಡೆಗೆ ಅಟ್ಟಿಕೊಂಡು ಹೋದರು. ಬೀಸಣಿಗೆ ಮೇಜಿನ ಮೇಲೆ ಕೈಯೂರಿ ಬಾಗಿದಳು.

"ನಿನ್ನೆ ಬೇಸ್ ಯಾಕೆ ತಪ್ತು ಅಂತ ಕೇಳಲ್ವಾ?"

"ಯಾಕೆ?"

"ಹೊಡೆದ ತಕ್ಷಣ ನಿಮ್ಮ ಮುಖ ನೋಡ್ಬೇಕು ಅನ್ನಿಸ್ತು."

"ಅಂದ್ರೆ... ಆ ಪಂದ್ಯ ಸೋತಿದ್ದು ನನ್ನಿಂದಾನಾ?"

"ನಿನ್ನಿಂದಲೇ."

'ನೀವು' ಯಾವಾಗ ಉದುರಿಹೋಯಿತೋ ಅವಳಿಗೇ ತಿಳಿಯಲಿಲ್ಲ. ಅವನಿಗೆ ತಿಳಿಯಿತು. ಅವನ ಮುಖ ನಿಧಾನವಾಗಿ ಅರಳಿತು.

"ಇನ್ನೊಂದ್ಸಲ ಹೇಳು."

"ನಿನ್ನಿಂದಲೇ ಕಣೋ!"